ಗುಲಾಬಿ ಕುಂಡದ ನುಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯ ಬೀಗ ತೆಗೆದು ಈಕೆ ಮೊದಲು ಮಾಡುವ ಕೆಲಸ ದೀಪ ಆರಿಸುವುದು. ಸಾಲಾಗಿ ನಿಂತ ಆಲಿಕೆಗಳಲ್ಲಿ ಜರಡಿ, ಜರಡಿಯ ಮೇಲೆ ಮಣ್ಣು, ಮಣ್ಣಿನ ಮೇಲೆ ಬಲ್ಬು. ರಾತ್ರಿಯಿಡೀ ಉರಿದ ಬಲ್ಬಿನ ಕಾವು ತಾಳಲಾರದೆ ಮಣ್ಣಿನ ಜೀವಿಗಳು ಇಳಿದಿಳಿದು ಅಡಿಯ ಸ್ಪಿರಿಟ್ ಸೀಸೆಗೆ ಬೀಳುತ್ತವೆ. ಸೀಸೆಯನ್ನು ಕಿಟಕಿಗೆ ಹಿಡಿದು, "ಇವತ್ತು ಯಾರ್ಯಾರು ಬಂದಿದ್ದೀರಪ್ಪಾ?" ಎಂದು ವಿಚಾರಿಸಿಕೊಳ್ಳುತ್ತಾರೆ. ಇವರ ಕೆಲಸ ನೋಡಲು ಬಂದ ನನಗೆ ಕಂಡದ್ದು ಚಿಟಿಕೆ ಧೂಳು.

ಆ ಧೂಳೇ ಇವರ ಬದುಕು. ಸಹೋದ್ಯೋಗಿಗಳ ಬಾಯಲ್ಲಿ ಇವರು ನುಸಿಯಕ್ಕ. ಮಣ್ಣಿನ ನುಸಿಗಳನ್ನು ಗುರುತಿಸುವುದು, ಹೊಸದು ಸಿಕ್ಕರೆ ಕಾಲು, ಬಾಯಿ, ಬೆನ್ನಿನ ಒಂದೊಂದು ಕೂದಲನ್ನೂ ಬಿಡದೆ ಬರೆದು, ಚಿತ್ರಿಸಿ ಲೋಕಕ್ಕೆ ಪರಿಚಯಿಸುವುದು ಇಪ್ಪತ್ತು ವರ್ಷದ ಕಸುಬು. ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿದೆ. ಪಕ್ಕದ ಚಿಟ್ಟೆ ವಿಭಾಗಕ್ಕೆ ಜನ ಸಾಲುಗಟ್ಟುತ್ತಾರೆ. ಇತ್ತ ಯಾರೂ ತಲೆ ಹಾಕುವುದಿಲ್ಲ. ಫ್ಯಾನ್ ಹಾಕಿದರೆ ನುಸಿ ಹಾರಿಹೋಗುತ್ತದೆಂದು ಇವರು ಬೇಸಿಗೆಯಲ್ಲೂ ಬೆವರುತ್ತ ಕೂರುವುದು ಗೊತ್ತಿರುವುದರಿಂದ ಬರುವವರೂ ಬರುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ನುಸಿ ಇವರ ನಿದ್ದೆ ಕೆಡಿಸಿತು. ಬಸ್ ಡಿಪೋ ಹಿಂದಿನ ಮರದ ಬುಡದ ಮಣ್ಣಿನಲ್ಲಿ ಸಿಕ್ಕಿದ್ದು. ಬೆನ್ನಿನ ಎರಡು ಕೂದಲು ಚಮಚದ ಹಾಗೆ ಅಗಲ. ಯಾವ ಪುಸ್ತಕದಲ್ಲೂ ಅಂಥದ್ದಿಲ್ಲ. ಆದರೆ ಸಿಕ್ಕಿದ್ದು ಒಂದೇ ಒಂದು. ಹಳೆಯ ಜಾತಿಯದ್ದೇ ಹುಟ್ಟುವಾಗ ಸೊಟ್ಟಗೆ ಹುಟ್ಟಿರಬಹುದಲ್ಲ ಎಂದು ವಿಜ್ಞಾನ ಪತ್ರಿಕೆಯ ತಜ್ಞರು ಇವರ ಬರಹವನ್ನು ವಾಪಸ್ ಕಳಿಸಿದರು. ಇನ್ನೊಂದನ್ನು ಹುಡುಕಿಕೊಂಡು ಹೋದರೆ ಅಲ್ಲಿ ಮರವೂ ಇಲ್ಲ, ಮಣ್ಣೂ ಇಲ್ಲ, ಬರೀ ಡಾಂಬರು. "ಅಲ್ಲೇ ಕೂತು ಅತ್ತುಬಿಟ್ಟೆ. ಡ್ರೈವರೊಬ್ಬರು ಬಂದು ಬಸ್ ತಪ್ಪಿತೇನಮ್ಮಾ ಅಂದ್ರು," ಎಂದು ಈಗ ನಗುತ್ತಾರೆ.

ಆಗ ನೆನಪಾದದ್ದು ಅತ್ತೆಯ ಗುಲಾಬಿ ಕುಂಡ. ಡಿಪೋದಿಂದ ತಂದು ಪರೀಕ್ಷೆಗೆ ಹಾಕಿ ಮಿಕ್ಕ ಮಣ್ಣನ್ನು ಅದಕ್ಕೇ ತುಂಬಿದ್ದರು. ಆದರೆ ಔಷಧಿ ಬಿದ್ದಿದ್ದರೆ ನುಸಿಯೂ ಸತ್ತಿರುತ್ತದೆ. ಗಿಡಕ್ಕೆ ಹುಳ ಬಿದ್ದಿದೆ, ಔಷಧಿ ತಾ ಎಂದು ಅತ್ತೆ ತಿಂಗಳುಗಟ್ಟಲೆ ಹೇಳಿದ್ದರಲ್ಲ, ತಂದುಕೊಟ್ಟೆನೋ ಇಲ್ಲವೋ? ಓಡಿಬಂದು ಕೇಳಿದರೆ ಅತ್ತೆ ಸಿಡಿದರು: "ಎಲ್ಲಿ ತಂದೆ? ನಿನ್ನ ಮರೆವಿನಿಂದ ನನ್ನ ಗಿಡ ಹಾಳಾಯ್ತು." ಬೈಸಿಕೊಂಡ ಸೊಸೆ ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡರು.

ಗಿಡ ಕೀಳಲು ಮಾತ್ರ ಅತ್ತೆ ಸುತರಾಂ ಒಪ್ಪಲಿಲ್ಲ. ಮೊಗ್ಗು ಬಿಟ್ಟಿದೆ, ಮುಟ್ಟಿದರೆ ನೋಡು ಎಂದು ಗದರಿ, ಆಮೇಲೆ ತಾವೇ ಅಂಚಿನಿಂದ ಚಮಚ ಚಮಚ ಮಣ್ಣು ತೆಗೆದುಕೊಟ್ಟರು. ಬಲ್ಬಿನ ಕೆಳಗಿನಿಂದ ಇಳಿದು ಬಂದದ್ದು ಚಮಚಗೂದಲಿನ ನಾಲ್ಕು ನುಸಿಗಳು.

ಹೊಸ ಜಾತಿಗೆ ತಮ್ಮದೇ ಹೆಸರಿಟ್ಟುಕೊಳ್ಳುವುದು ಈ ಕಸುಬಿನಲ್ಲಿ ಮರ್ಯಾದೆಯಲ್ಲ. ಇವರು ಅತ್ತೆಯ ಹೆಸರಿಟ್ಟರು. ಕಳೆದ ತಿಂಗಳು ಆ ಬರಹ ಅಚ್ಚಾಯಿತು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಾಗ ಅತ್ತೆ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, ಇದರ ಕೂದಲು ಬಾಚುವವರು ಯಾರೂ ಇಲ್ಲವೇ ಎಂದರಂತೆ.

"ಹೆಸರಿಲ್ಲದ್ದು ಇನ್ನೂ ಒಂದೆರಡು ಸಿಕ್ಕಿದ್ರೆ ಸಾಕು ನನಗೆ," ಎನ್ನುತ್ತಾರೆ ನುಸಿಯಕ್ಕ. ಸಂಜೆ ಅವರ ಮನೆಗೂ ಹೋದೆ. ಗುಲಾಬಿಯ ಎಲೆಗಳೆಲ್ಲ ತೂತು ತೂತು. ಒಳ್ಳೆಯ ಔಷಧಿ ಬಂದಿದೆ, ಹೊಡೆಯಬಾರದೇ ಎಂದೆ. ಅತ್ತೆ ಕುಂಡವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಔಷಧಿ ಮಾತೇ ಎತ್ತಬೇಡಿ. ಇದರಲ್ಲಿ ನನ್ನ ಹೆಸರಿನೋರು ಇದ್ದಾರೆ."