ಕಂಬಳಿಯಲ್ಲಿ ಕಪ್ಪಾದ ಬೆಳ್ಳಿ

ಕಗ್ಗದಾಸಪುರದ ಮುನಿಲಕ್ಷ್ಮಮ್ಮ ಎಮ್ಮೆ ಸಾಕಿ, ಶಿವಾಜಿನಗರದ ಮನೆಗಳಿಗೆ ಹಾಲು ಹಾಕಿ ಬದುಕುತ್ತಿದ್ದ ವಿಧವೆ. ಅವಳು ಹಾಲು ಹಾಕುತ್ತಿದ್ದ ಮನೆಗಳಲ್ಲಿ ಚಾಂದ್ ಬೀ ಅವರದೂ ಒಂದು. ಅವರ ಗಂಡ ಚರ್ಮದ ವ್ಯಾಪಾರ ಮಾಡುತ್ತಿದ್ದವರು. ಮಗಳು ಫಹ್ಮಿದಾಳ ಮದುವೆಗೆಂದು ಎರಡು ಬೆಳ್ಳಿ ಗಟ್ಟಿ ಕೊಂಡಿಟ್ಟು ತೀರಿಕೊಂಡಿದ್ದರು.

೧೯೪೨ರಲ್ಲಿ ಜಪಾನಿನವರು ಶಿವಾಜಿನಗರವೂ ಸೇರಿದ್ದ ದಂಡು ಪ್ರದೇಶದ ಮೇಲೆ ಬಾಂಬು ಹಾಕುತ್ತಾರೆಂಬ ಸುದ್ದಿ ಹಬ್ಬಿ, ಜನ ಊರು ಬಿಡತೊಡಗಿದರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಚಾಂದ್ ಬೀ ಹೋಗುವಂತಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಅಳೆಸಿಕೊಂಡ ಮೇಲೆ ಎರಡೂ ಗಟ್ಟಿಗಳನ್ನು ಮುನಿಲಕ್ಷ್ಮಮ್ಮನ ಮಡಿಲಿಗೆ ಹಾಕಿ, ಇವಾದರೂ ಹಳ್ಳಿಯಲ್ಲಿ ಉಳಿಯಲಿ ಎಂದರು. ಸಾಕ್ಷಿಗೆ ಯಾರನ್ನೂ ಕರೆಯಲಿಲ್ಲ.

ಒಂದೇ ಕಡೆ ಇಟ್ಟರೆ ಕಳ್ಳರಿಗೆ ಎರಡೂ ಸಿಕ್ಕಾವೆಂದು ಮುನಿಲಕ್ಷ್ಮಮ್ಮನಿಗೆ ಹೆದರಿಕೆ. ಒಂದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಬಿಸ್ಕತ್ತು ಡಬ್ಬಿಗೆ ಹಾಕಿ ರಾಗಿಯೊಳಗೆ ಹೂತಳು. ಇನ್ನೊಂದನ್ನು ಕಂಬಳಿ ಚೂರಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿದಳು. ಯುದ್ಧ ಮುಗಿಯುವವರೆಗೆ ಅವುಗಳನ್ನು ಬಿಚ್ಚಿ ನೋಡಲೇ ಇಲ್ಲ.

ಫಹ್ಮಿದಾಳ ಮದುವೆ ಗೊತ್ತಾದಾಗ ತಂದು ಚಾಂದ್ ಬೀ ಅವರ ಎದುರೇ ಬಿಚ್ಚಿದಳು. ಡಬ್ಬಿಯಲ್ಲಿದ್ದದ್ದು ಸ್ವಲ್ಪ ಹಳದಿಗಟ್ಟಿದ್ದರೂ ಹೊಳೆಯುತ್ತಿತ್ತು. ಕಂಬಳಿಯದು ಇದ್ದಲಿನಂತೆ ಕಪ್ಪಾಗಿತ್ತು. ಚಾಂದ್ ಬೀ ಅವರ ಮೈದುನ ಖಾದರ್ ಅದನ್ನು ತಿರುಗಿಸಿ ನೋಡಿ, ಎರಡೂ ಒಂದೇ ಬೆಳ್ಳಿಯಾಗಿದ್ದರೆ ಒಂದೇ ಏಕೆ ಕಪ್ಪಾಯಿತು, ಇದು ಅಣ್ಣ ಕೊಂಡದ್ದಲ್ಲ ಎಂದುಬಿಟ್ಟರು.

"ಕಪ್ಪಗಿರ್ಲಿ, ಬೆಳ್ಳಗಿರ್ಲಿ, ನೀನು ತಂದಿದ್ದು ನಂದೇ," ಎಂದು ಚಾಂದ್ ಬೀ ಎರಡನ್ನೂ ಎತ್ತಿಕೊಳ್ಳಹೋದರು.

ಮುನಿಲಕ್ಷ್ಮಮ್ಮ ತಡೆದಳು. "ಬೇಡ ಬೀಬಮ್ಮ, ಒರೆಗೆ ಹಚ್ಚಿಸಿ. ನೀವು ನಂಬ್ತೀರ. ನನ್ ಮನಸ್ಸು ಹಗುರಾಗ್ಬೇಕಲ್ಲ."

ಮೂವರೂ ಹಲಸೂರಿನ ಬೆಳ್ಳಿ ಕೆಲಸದ ಚಿನ್ನಪ್ಪನವರಲ್ಲಿಗೆ ಹೋದರು. ಅವರು ಕಪ್ಪು ಗಟ್ಟಿಯ ಮೂಲೆಗೆ ಅರ ಹಾಕಿದರು. ಎರಡೆಳೆತಕ್ಕೇ ಒಳಗಿನಿಂದ ಬಿಳುಪು ಕಂಡಿತು. ಉಳಿಯಿಂದ ಕತ್ತರಿಸಿ ನೋಡಿದರು, ಒರೆಗಲ್ಲಿಗೂ ತಿಕ್ಕಿದರು. ಎರಡೂ ಒಂದೇ ಬೆಳ್ಳಿ. ಗಟ್ಟಿ ಎಲ್ಲಿತ್ತೆಂದು ಕೇಳಿ ತಿಳಿದು, ಉಣ್ಣೆಯಲ್ಲೂ ಬೆರಣಿ ಹೊಗೆಯಲ್ಲೂ ಗಂಧಕವಿರುತ್ತದೆ, ಅದು ಸೋಕಿದರೆ ಬೆಳ್ಳಿಯ ಮೈ ಕಪ್ಪಾಗುತ್ತದೆ ಎಂದರು. ಹತ್ತಿಬಟ್ಟೆಯಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಇದ್ದದ್ದಕ್ಕೆ ಆ ಕಾಟವಿರಲಿಲ್ಲ. ಕಪ್ಪೆಲ್ಲ ಮೇಲಿನ ಪೊರೆಯಷ್ಟೇ. ತೂಕಕ್ಕೂ ಗುಣಕ್ಕೂ ಏನೂ ಆಗಿಲ್ಲ.

ಖಾದರ್ ತಲೆ ತಗ್ಗಿಸಿ ತಪ್ಪಾಯಿತೆಂದರು. "ನಿಮ್ಮಣ್ಣನ್ ಸೊತ್ತು. ನೀವ್ ಕೇಳ್ದೆ ಇನ್ಯಾರ್ ಕೇಳ್ತಾರೆ?" ಎಂದಳು ಮುನಿಲಕ್ಷ್ಮಮ್ಮ.

ಮದುವೆಯ ದಿನ ಚಾಂದ್ ಬೀ ಅವಳನ್ನು ಮದುಮಗಳ ಪಕ್ಕ ಕೂರಿಸಿ, ಬೀಗಿತ್ತಿಗೆ ತೋರಿಸಿ, ನನ್ನ ಮಗಳ ಒಡವೆ ಕಾದವರು ಇವರೇ ಎಂದರು. ಎಲ್ಲರೂ ತನ್ನನ್ನೇ ನೋಡಿದ್ದರಿಂದ ಮುನಿಲಕ್ಷ್ಮಮ್ಮನಿಗೆ ನಾಚಿಕೆಯಾಯಿತು. ಊರಿಗೆ ಬಂದ ಮೇಲೆ ಓರಗಿತ್ತಿಯ ಹತ್ತಿರ ಅವಳು ಹೇಳಿಕೊಂಡದ್ದು ಆ ಮಾತನ್ನಲ್ಲ, ಬೆಳ್ಳಿ ಕಪ್ಪಗಿದ್ದಾಗಲೇ ಬೀಬಮ್ಮ ತನ್ನದೆಂದು ಕೈ ಚಾಚಿದ್ದನ್ನು.