ಟವಲ್ ನೋಡಿದೆನೋ, ಸೀಟಿ ಕೇಳಿದೆನೋ

ರುಬೀನಾ ಗೆರೆ ದಾಟಿದಳು. ಸ್ಟಾಪ್‌ವಾಚ್ ನೋಡಿ ನಾನೇ ಕೂಗಿದೆ, "ಪಾಸ್!" ಜಗಳೂರಿನ ಮೈದಾನದಲ್ಲಿ ನೂರು ಮೀಟರ್ ಓಟದ ಪರೀಕ್ಷೆ ನಡೆದಿತ್ತು. ಓಟದ ವೇಗದ ಬಗ್ಗೆ ಸಂಶೋಧನೆ ಮಾಡುವ ನಮ್ಮ ತಂಡ, ಗೊತ್ತುಪಡಿಸಿದ ಸಮಯದೊಳಗೆ ಓಡಿದವರಿಗೆ ಒಂದು ವರ್ಷ ಉಚಿತ ತರಬೇತಿ ಕೊಡಲಿತ್ತು. ಟೈಲರ್ ಮಗಳಾದ ಆಕೆ ಕೂದಲೆಳೆಯಷ್ಟರಲ್ಲಿ ಆಯ್ಕೆಯಾಗಿದ್ದಳು.

ಮರುಕ್ಷಣವೇ ಅನುಮಾನ ಹೊಕ್ಕಿತು. ಓಟ ಶುರುವಾಗುವ ಆಚೆ ತುದಿಯಲ್ಲಿ ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಲೇ ಕೆಂಪು ಟವಲ್ ಬೀಸುತ್ತಿದ್ದರು. ಸದ್ದು ನನ್ನ ತನಕ ಬರಲು ತುಸು ತಡವಾಗುವುದರಿಂದ ಟವಲ್ ನೋಡಿಯೇ ಗುಂಡಿ ಒತ್ತಬೇಕು. ಸೀಟಿ ಕೇಳಿ ಒತ್ತಿದರೆ ವಾಚು ನಿಜಕ್ಕಿಂತ ಕಡಿಮೆ ಸಮಯ ತೋರಿಸುತ್ತದೆ. ನಾನು ಯಾವುದಕ್ಕೆ ಒತ್ತಿದ್ದೆ? ಎಷ್ಟು ತಡಕಿದರೂ ನೆನಪಾಗಲಿಲ್ಲ. ಮೇಷ್ಟ್ರು ಈಚೆ ತುದಿಗೆ ಬಂದಾಗ ಇಬ್ಬರಿಗೂ ಹಾಗಂತ ಹೇಳಿಬಿಟ್ಟೆ.

"ಬರ್ಕೊಳ್ರಿ ಸಾರ್, ಯಾರು ಕೇಳಾಕೆ ಬರ್ತಾರೆ?" ಎಂದರು ಮೇಷ್ಟ್ರು.

ರುಬೀನಾ ಇನ್ನೂ ಏದುಸಿರು ಬಿಡುತ್ತಿದ್ದಳು. "ಬ್ಯಾಡ ಸಾರ್, ಇನ್ನೊಂದ್ಸಲ ಓಡ್ತೀನಿ."

ಸ್ವಲ್ಪ ಸುಧಾರಿಸಿಕೊಂಡು ಅದೇ ಬಿಸಿಲಿನಲ್ಲಿ ಮತ್ತೆ ಓಡಿದಳು. ನಾನು ರೆಪ್ಪೆ ಮಿಟುಕಿಸದೆ ಟವಲನ್ನೇ ನೋಡಿದೆ. ಈ ಸಲ ಕೂದಲೆಳೆಯಷ್ಟರಲ್ಲಿ ತಪ್ಪಿತು. ಮತ್ತೆ ಈಚೆ ಬಂದ ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಆಕೆ ಚಪ್ಪಲಿ ಮೆಟ್ಟಿಕೊಂಡು, "ಮುಂದಿನ ವರ್ಷ ಬರ್ತೀನಿ ಸಾರ್. ನೀವು ಮಾತ್ರ ಟವಲ್ ಕಡೇನೇ ನೋಡ್ರಿ" ಎಂದು ಹೊರಟಳು.

ಎರಡನೇ ಸಲ ಸೋಲಿಸಿದ್ದು ಬರೀ ದಣಿವೇ ಇರಬಹುದು. ಮೊದಲ ಓಟ ನೆನಪಿಸಿಕೊಂಡಾಗೆಲ್ಲ ಒಮ್ಮೆ ಟವಲ್ ಮೊದಲು ಕಾಣುತ್ತದೆ, ಇನ್ನೊಮ್ಮೆ ಸೀಟಿ ಮೊದಲು ಕೇಳುತ್ತದೆ.