ಬಿಸಿಯಿಲ್ಲದ ಬಿಸಿನೀರಿನ ಊರು

ಕಾರು ನಿಲ್ಲಿಸಿ ಎಂಜಿನ್ ಆರಿಸುವ ಮೊದಲೇ ನಮ್ಮ ಪರಿಚಯದ ಡಾಕ್ಟರು ಶುರು ಮಾಡಿದರು. ಇನ್ನೂರು ವರ್ಷದ ಹಿಂದೆ ಈ ಊರಿಗೆ ದೊಡ್ಡ ಮನುಷ್ಯರೆಲ್ಲ ಹೆಂಡಂದಿರನ್ನು ಕರೆದುಕೊಂಡು ಕುದುರೆಗಾಡಿಯಲ್ಲಿ ಬರುತ್ತಿದ್ದರಂತೆ. ಬೆಳಿಗ್ಗೆ ಇಲ್ಲಿನ ನೀರು ಕುಡಿದು, ಮಧ್ಯಾಹ್ನ ಅದರಲ್ಲೇ ಮಿಂದು, ಸಂಜೆ ಕುಣಿಯುತ್ತಿದ್ದರಂತೆ. ಕ್ಷಯ ಕೂಡ ವಾಸಿಯಾಗುತ್ತಿತ್ತಂತೆ. ಫೋನಿನಲ್ಲಿ ಓದಿದ್ದನ್ನು ಒಪ್ಪಿಸುವಾಗಲೂ ಅವರದು ವಾರ್ಡಿನಲ್ಲಿ ರೌಂಡ್ಸ್ ಹೋಗುವ ದನಿಯೇ.

"ನಿಮ್ಮ ಕಡೆ ಬಿಸಿನೀರಿನ ಬುಗ್ಗೆ ಇರುತ್ತಲ್ಲ ಆಂಟಿ, ಅದೇ ಥರ. ನ್ಯಾಚುರಲ್ ಹಾಟ್ ವಾಟರ್."

ನಮ್ಮ ಕಡೆ, ದಾವಣಗೆರೆಯಲ್ಲಿ, ಯಾವ ಬುಗ್ಗೆಯೂ ಇಲ್ಲ. ನನಗೂ ಅವರಿಗೂ ಇರುವುದು ಎಂಟೇ ವರ್ಷದ ಅಂತರ. ಎರಡನ್ನೂ ನಾನು ಹೇಳಲಿಲ್ಲ. ಆರು ತಿಂಗಳಿಂದ ಅವರೆದುರು ನಾನು ಏನನ್ನೂ ಹೇಳುತ್ತಿರಲಿಲ್ಲ. ಅದಕ್ಕೇ ಅವರು ನನಗೆ 'ಚೇಂಜ್' ಬೇಕೆಂದು ತೀರ್ಮಾನಿಸಿದ್ದು. ಕೋವಿಡ್ ನಿರ್ಬಂಧ ಸಡಿಲವಾದ ಮೊದಲ ರಜೆಗೇ ಗಂಡ ಹೆಂಡತಿ ಬಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಕಾರ್ಕ್ ನಗರದಿಂದ ಹೊರಟು, ಈ ಊರಿನ ಹಳೆಯ ಸ್ನಾನದ ಮನೆ ನೋಡಿ, ಮುಂದೆ ಲಿಮೆರಿಕ್, ಗಾಲ್ವೇ ಊರುಗಳು. ಎರಡು ದಿನ ಕಾರಿನಲ್ಲಿ ತಿರುಗಿಸಿದರೆ ದುಃಖ ಇಳಿಯುತ್ತದೆ ಎಂದು ಯಾವ ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಡುತ್ತಾರೋ ಕಾಣೆ.

ಸ್ನಾನದ ಮನೆ ರಸ್ತೆಯ ಅಂಚಿನಲ್ಲೇ ಇತ್ತು. ಬಿಳಿ ಗೋಡೆ, ಕಪ್ಪು ಮರದ ಪಟ್ಟಿ, ಚೂಪು ಮಾಡು. ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರದ ಹಾಗೆ. ಬಾಗಿಲಿಗೆ ಬೀಗ. ಡಾಕ್ಟರ ಹೆಂಡತಿ ಕಿಟಕಿಗೆ ಮುಖ ಒತ್ತಿ ಇಣುಕಿದರು. ಒಳಗೆ ತೊಟ್ಟಿಯೂ ಇಲ್ಲ, ಹಬೆಯೂ ಇಲ್ಲ. ಎರಡು ಮೇಜು, ಒಂದು ಪ್ರಿಂಟರು, ಒಣಗಿದ ಹೂಕುಂಡ. ಅದು ಯಾವಾಗಲೋ ಆಫೀಸಾಗಿತ್ತು. ಈಗ ಕೋವಿಡ್ ಅಂತ ಆಫೀಸೂ ಮುಚ್ಚಿತ್ತು.

"ಪರವಾಗಿಲ್ಲ, ಹೊರಗಡೆಯಿಂದ ಗ್ರ್ಯಾಂಡ್ ಆಗಿದೆ ಅಲ್ವಾ?" ಅಂದರು ಆಕೆ. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಅಂದರೆ 'ಚೆನ್ನಾಗಿದೆ' ಅಂತ ಅಷ್ಟೆ; ಈ ದೇಶಕ್ಕೆ ಬಂದ ಮೇಲೆ ಆಕೆಗೂ ಎಲ್ಲವೂ ಗ್ರ್ಯಾಂಡ್. ನನ್ನ ಗಂಡ ಹೋದ ದಿನ ಫೋನು ಮಾಡಿ, "ಡಾಕ್ಟ್ರು ಎಲ್ಲಾ ನೋಡ್ಕೋತಾರೆ, ಯು ವಿಲ್ ಬಿ ಗ್ರ್ಯಾಂಡ್ ಆಂಟಿ" ಅಂದಿದ್ದರು.

ಆದರೆ ನಾನು ಆ ಕಾರು ಹತ್ತಿದ್ದು ಅವರ ಚೇಂಜಿಗಾಗಿ ಅಲ್ಲ, ನನಗೊಂದು ಸ್ನಾನ ಆಗಬೇಕಿತ್ತು.

ನನ್ನ ಗಂಡ ಜನವರಿಯಲ್ಲಿ ತೀರಿಕೊಂಡರು. ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ಆ ಕಡೆಯೇ ಇರುವ ಚಿತಾಗಾರದಲ್ಲಿ ಸುಟ್ಟರು. ನನಗೂ ಪಾಸಿಟಿವ್ ಬಂದಿದ್ದರಿಂದ ಮನೆ ಬಿಟ್ಟು ಹೋಗುವಂತಿರಲಿಲ್ಲ. ಹತ್ತು ಜನಕ್ಕೆ ಅವಕಾಶವಿತ್ತು, ಹೋದವರು ನಾಲ್ಕು ಜನ, ಅವರಲ್ಲಿ ಈ ಡಾಕ್ಟರೂ ಒಬ್ಬರು. ನಾನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೇರಪ್ರಸಾರ ನೋಡಿದೆ.

ನಮ್ಮಲ್ಲಿ ಹೆಣ ಎತ್ತಿದ ಮೇಲೆ ಮನೆಯಲ್ಲಿ ಉಳಿದವರು ನೆಲ ತೊಳೆದು ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಎತ್ತಿದ ಮೇಲೆ, ಮೊದಲಲ್ಲ. ಅವತ್ತು ಪೆಟ್ಟಿಗೆ ಇನ್ನೂ ಚಿತಾಗಾರದ ಪರದೆಯ ಮುಂದೆ ಇದ್ದಾಗ ಲ್ಯಾಪ್‌ಟಾಪಿನಲ್ಲಿ ಚಿತ್ರ ನಿಂತುಹೋಯಿತು. ಐದು ನಿಮಿಷ ಕಾದೆ. ಇನ್ನು ತೋರಿಸುವುದಿಲ್ಲ, ಮುಗಿಯಿತು ಅಂದುಕೊಂಡು ಎದ್ದು ನೆಲ ಒರೆಸಿ, ಶವರಿನ ಕೆಳಗೆ ನಿಂತೆ. ತಿಂಗಳಾದ ಮೇಲೆ ಡಾಕ್ಟರು ಸಮಾಧಾನ ಹೇಳಲೆಂದು ಬಾಗಿಲ ಹೊರಗೆ ನಿಂತು, "ಎಲ್ಲಾ ಚೆನ್ನಾಗಿ ಆಯ್ತು ಆಂಟಿ. ಇಂಟರ್‌ನೆಟ್ ಹೋಯ್ತು ಅಂತ ನಿಮಗೋಸ್ಕರ ಮುಕ್ಕಾಲು ಗಂಟೆ ಕಾಯಿಸಿದ್ವಿ, ಅಷ್ಟೆ" ಅಂದರು. ಅಂದರೆ ನನ್ನ ಗಂಡ ಇನ್ನೂ ಅಲ್ಲೇ ಪೆಟ್ಟಿಗೆಯಲ್ಲಿರುವಾಗ ನಾನು ಮಿಂದು, ತಲೆ ಒರೆಸಿಕೊಂಡು, ಟೀ ಕುಡಿದಿದ್ದೆ.

ಅದನ್ನು ದಾವಣಗೆರೆಯ ನಾದಿನಿಗೆ, ಅಂದರೆ ನನ್ನ ಗಂಡನ ಅಕ್ಕನಿಗೆ, ಹೇಳಿದ್ದು ನನ್ನ ದಡ್ಡತನ.

"ಅವನಿನ್ನೂ ಅಲ್ಲೇ ಇದ್ನಲ್ಲವ್ವ! ಅದು ಸ್ನಾನ ಅಲ್ಲ. ಹರಿಯೋ ನೀರಾಗೆ ಇನ್ನೊಂದ್ಸಲ ಹಾಕ್ಕ."

ಆಮೇಲೆ ಪ್ರತಿ ಭಾನುವಾರ ಫೋನು. "ಆತೇನವ್ವ?" ಮನೆಯಿಂದ ಐದು ಕಿಲೋಮೀಟರು ದಾಟಬಾರದೆಂಬ ನಿಯಮವಿದ್ದ ದಿನಗಳು. ಆ ಐದರೊಳಗೆ ಹರಿಯುವ ನೀರೆಂದರೆ ಕಾರ್ಖಾನೆಗಳ ಬದಿಯ ಉಪ್ಪು ಹಿನ್ನೀರು, ಅದೂ ಫೆಬ್ರವರಿಯ ಚಳಿಯಲ್ಲಿ. ಗೀಸರಿರುವ ಬಚ್ಚಲಲ್ಲಿ ಮೀಯುವ ಹೆಂಗಸು ನನಗೆ ಶಾಸ್ತ್ರ ಹೇಳುತ್ತಾಳೆ ಎಂದು ಮೈ ಉರಿಯುತ್ತಿತ್ತು. ಶವರಿನ ನೀರೇನು ಹರಿಯದೆ ನಿಂತಿರುತ್ತದೆಯೇ? ಆದರೂ ಅಂದಿನಿಂದ ಎಷ್ಟು ಸಲ ಸ್ನಾನ ಮಾಡಿದರೂ ಆದಂತೆ ಅನ್ನಿಸುತ್ತಿರಲಿಲ್ಲ. ಅದಕ್ಕೂ ಅವಳ ಮೇಲೇ ಸಿಟ್ಟು.

ಸ್ನಾನದ ಮನೆಯ ಹಿಂದೆ ಬುಗ್ಗೆ ಇತ್ತು. ಕಲ್ಲು ಕಟ್ಟಿದ ಒಂದು ಗುಂಡಿ, ಮೇಲೆ ಕಬ್ಬಿಣದ ಜಾಲರಿ, ಒಳಗೆ ಎಲೆ ಮತ್ತು ಒಂದು ನೀಲಿ ಮಾಸ್ಕು. ಅಲ್ಲಿಂದ ನೀರು ಒಂದು ಸಣ್ಣ ಕಾಲುವೆಗೆ ಬಿದ್ದು ಹೋಗುತ್ತಿತ್ತು. ನಾನು ಬಗ್ಗಿ ಕೈ ಇಟ್ಟೆ. ಬಿಸಿಯಿಲ್ಲ. ಉಗುರುಬೆಚ್ಚಗೂ ಇಲ್ಲ. ಏಪ್ರಿಲ್ಲಿನಲ್ಲಿ ದಾವಣಗೆರೆಯ ಯಾವ ಮನೆಯ ತಾರಸಿ ಟ್ಯಾಂಕಿನ ನೀರೂ ಇದಕ್ಕಿಂತ ಬಿಸಿಯಿರುತ್ತದೆ. ಅದನ್ನು ನೋಡಲು ಯಾರೂ ಕುದುರೆಗಾಡಿ ಕಟ್ಟುವುದಿಲ್ಲ.

"ಇಲ್ಲಿನ ಬೇರೆ ನೀರಿಗಿಂತ ವಾರ್ಮ್ ಆಂಟಿ, ಟೆಕ್ನಿಕಲಿ," ಎಂದು ಡಾಕ್ಟರು ಬುಗ್ಗೆಯ ಪರ ವಹಿಸಿದರು.

"ಲೋಟ ಇದ್ಯಾ?" ಅಂದೆ.

"ಕುಡೀಬೇಡಿ! ಬ್ಯಾಕ್ಟೀರಿಯಾ ಇರುತ್ತೆ."

"ಕುಡಿಯಲ್ಲ."

ಅವರ ಹೆಂಡತಿ ಫ್ಲಾಸ್ಕಿನ ಮುಚ್ಚಳ ಕೊಟ್ಟರು. ನಾನು ಕೋಟು, ಚಪ್ಪಲಿ ಬಿಚ್ಚಿ ಕಾಲುವೆಯಲ್ಲಿ ಇಳಿದು ನಿಂತು, ಚೂಡಿದಾರದಲ್ಲೇ, ಮುಚ್ಚಳದಿಂದ ತಲೆಗೆ ಹಾಕಿಕೊಳ್ಳತೊಡಗಿದೆ. ಮುಚ್ಚಳ ಎಷ್ಟು ಚಿಕ್ಕದೆಂದರೆ ತಲೆ ಪೂರ್ತಿ ನೆನೆಯಲು ಮೂವತ್ತು ಸಲವಾದರೂ ಬೇಕಾಯಿತು. ಡಾಕ್ಟರು ಸುತ್ತಮುತ್ತ ನೋಡುತ್ತ, "ಆಂಟಿ ಪ್ಲೀಸ್, ನ್ಯುಮೋನಿಯಾ ಆಗತ್ತೆ" ಅನ್ನುತ್ತಿದ್ದರು. ನಾಯಿ ಹಿಡಿದು ಬರುತ್ತಿದ್ದ ಮುದುಕನೊಬ್ಬ ಎರಡು ಮೀಟರು ದೂರದಲ್ಲಿ ನಿಂತ. ಈ ಊರಿನ ನೀರಿನಲ್ಲಿ ಮೀಯುವವರನ್ನು ಅವನು ತನ್ನ ಜನ್ಮದಲ್ಲೇ ಕಂಡಿರಲಿಕ್ಕಿಲ್ಲ. ಟೋಪಿ ಎತ್ತಿ, "ಫೇರ್ ಪ್ಲೇ ಟು ಯೂ, ಮಿಸಸ್," ಎಂದು ಶಭಾಷ್ ಹೇಳಿ ನಡೆದ. ಅವತ್ತು ನನಗೆ ತಿರಸ್ಕಾರ ಬಾರದ ಒಬ್ಬನೇ ಮನುಷ್ಯ ಅವನು.

ನನಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಚಳಿಯಾಯಿತು.

ಸೀಟು ನೆನೆಯದಿರಲೆಂದು ಡಾಕ್ಟರ ಹೆಂಡತಿ ಕಸದ ಪ್ಲಾಸ್ಟಿಕ್ ಚೀಲ ಹಾಸಿದರು. ಅದು ನಾನು ಅಲ್ಲಾಡಿದಾಗಲೆಲ್ಲ ಪರಪರ ಅನ್ನುತ್ತಿತ್ತು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಬಟ್ಟೆ ಬದಲಿಸಿ, ಅವರಿಬ್ಬರೂ ಕಾಫಿಯ ಸಾಲಿನಲ್ಲಿ ನಿಂತಾಗ, ಹೊರಗಿನ ಬೆಂಚಿನ ಮೇಲೆ ಕೂತು ದಾವಣಗೆರೆಗೆ ಫೋನು ಮಾಡಿದೆ. ಆಯಿತು ಎಂದು ಮುಖಕ್ಕೆ ಹೊಡೆದಂತೆ ಹೇಳಿ ಇಟ್ಟುಬಿಡಬೇಕೆಂದಿದ್ದೆ.

"ಆಯ್ತು ಅಕ್ಕ. ಹರಿಯೋ ನೀರಲ್ಲೇ ಆಯ್ತು. ಸಮಾಧಾನನಾ?"

"ತಲಿಗೆ ಹಾಕ್ಕಂಡ್ಯಾ?"

"ಹಾಕ್ಕೊಂಡೆ."

ಇಟ್ಟುಬಿಡಲೆಂದು ಫೋನನ್ನು ಕಿವಿಯಿಂದ ಸರಿಸುತ್ತಿದ್ದೆ.

"ಅವತ್ತು ಇಲ್ಲೂ ಚಿತ್ರ ನಿಂತಿತ್ತು ಕಣವ್ವ," ಅಂದಳು. "ಮುಗೀತು ಅಂತ ನಾನೂ ಎದ್ದೋಗಿ ಹಾಕ್ಕಂಡ್ಬಿಟ್ಟೆ. ನೀ ಹೇಳೋ ತನಕ ನನಗೂ ಗೊತ್ತಿರ್ಲಿಲ್ಲ."

"ಮತ್ತೆ ನೀವು ಅಲ್ಲೇ ಹಾಕ್ಕೊಬಹುದಿತ್ತಲ್ಲ, ಇಷ್ಟು ದಿನ?"

"ಹೆಂಗೆ ಹಾಕ್ಕಳ್ಲಿ? ಮೊದ್ಲು ಹೆಂಡ್ತಿ ಹರಿಯೋ ನೀರಾಗೆ, ಆಮೇಲೆ ಅಕ್ಕ ಮನ್ಯಾಗೆ. ನೀನು ಹಾಕ್ಕಳ್ದೆ ನಾನು ಮುಂದಾದ್ರೆ ನಮ್ ತಮ್ಮ ಏನಂದ್ಕಂತಾನೆ?"

ನಾನು ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡೆ.

"ಇಡಬ್ಯಾಡ, ಇರು," ಅಂದಳು. ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಬಚ್ಚಲ ಬಾಗಿಲು ಕಿರ್ರೆಂದಿತು. ಬಕೆಟ್ಟಿಗೆ ನಲ್ಲಿ ಬಿಟ್ಟದ್ದು ಕೇಳಿತು. ತುಂಬುತ್ತ ತುಂಬುತ್ತ ಸದ್ದು ಮೇಲೇರಿ ನಿಂತಿತು. ಆಮೇಲೆ ಚೊಂಬು ಮುಳುಗಿದ್ದು, ನೀರು ತಲೆಯ ಮೇಲಿಂದ ಕಲ್ಲಿಗೆ ಬಿದ್ದದ್ದು. ಇನ್ನೊಂದು ಚೊಂಬು. ಇನ್ನೊಂದು. ನಡುವೆ ಅವಳು ಅಳುತ್ತಿದ್ದಳು, ತಮ್ಮನ ಹೆಸರು ಹಿಡಿದು.

ಡಾಕ್ಟರು ಕಾಫಿ ಹಿಡಿದು ಬಂದು, ಹೊರಡೋಣವೇ ಎಂದು ಕಣ್ಣಲ್ಲೇ ಕೇಳಿದರು. ನಾನು ಕೈ ಎತ್ತಿ ತಡೆದೆ. ಬಕೆಟ್ಟು ಇನ್ನೂ ಖಾಲಿಯಾಗಿರಲಿಲ್ಲ.